ಹೈಡನ್: ಸಮವಸ್ತ್ರ ತೊಟ್ಟ ನೌಕರ ಸಿಂಫನಿಗೆ ರೂಪ ಕೊಟ್ಟ ಬಗೆ

ಮೊಜಾರ್ಟ್, ಬೀಥೋವನ್ ಹೆಸರು ಕೇಳದವರು ಕಡಿಮೆ. ಅವರಿಬ್ಬರೂ ಯಾರ ಕೃತಿಗಳನ್ನು ಮುಂದಿಟ್ಟುಕೊಂಡು ಕಲಿತರೋ ಆ ಯೋಸೆಫ್ ಹೈಡನ್ ಬಗ್ಗೆ ಮಾತ್ರ ನಮ್ಮಲ್ಲಿ ಮಾತೇ ಇಲ್ಲ. 'ಸಿಂಫನಿಯ ಪಿತಾಮಹ' ಅಂತ ಒಂದು ಬಿರುದು ಕೊಟ್ಟು ಮುಂದೆ ಹೋಗಿಬಿಡುತ್ತೇವೆ. ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾ, ಅಂದರೆ ದೊಡ್ಡ ವಾದ್ಯವೃಂದ, ನುಡಿಸಲೆಂದು ಬರೆದ ಹಲವು ಭಾಗಗಳ ಕೃತಿ. ಈ ಬಿರುದು ನನಗೆ ಇಷ್ಟವಿಲ್ಲ. ಅದನ್ನು ಕೇಳಿದರೆ ಯಾರೋ ಶಾಂತ ಮುಖದ ಅಜ್ಜ ಕೂತು ಅಚ್ಚುಕಟ್ಟಾದ, ತಂಟೆಯಿಲ್ಲದ ಸಂಗೀತ ಬರೆದ ಅನ್ನಿಸುತ್ತದೆ. ಆದರೆ ಆ ಕಾಲದ ಅತ್ಯಂತ ತುಂಟ, ಅತ್ಯಂತ ಧೈರ್ಯವಂತ ಸಂಯೋಜಕ ಅಂದರೆ ಇವನೇ. ಸಂಗೀತ ಕೇಳುವಾಗ ಮುಂದೆ ಹೀಗೆ ಬರುತ್ತೆ ಅಂತ ನಾವು ಒಳಗೊಳಗೇ ಊಹಿಸುತ್ತಾ ಇರುತ್ತೇವೆ ಅಲ್ವಾ? ಹೈಡನ್ ಸಂಯೋಜಿಸಿದ್ದು ಸ್ವರಗಳನ್ನು ಮಾತ್ರ ಅಲ್ಲ, ನಮ್ಮ ಆ ಊಹೆಯನ್ನೂ. ಇದೊಂದನ್ನು ಹಿಡಿದುಕೊಂಡರೆ ಅವನ ಸಂಗೀತ ಬೇಗ ಹತ್ತಿರವಾಗುತ್ತದೆ.

ಅವನು ಹುಟ್ಟಿದ್ದು 1732ರ ಮಾರ್ಚ್ 31ರಂದು, ಆಸ್ಟ್ರಿಯಾ ಮತ್ತು ಹಂಗೇರಿ ಗಡಿಗೆ ಹತ್ತಿರದ ರೋರಾವ್ ಎಂಬ ಹಳ್ಳಿಯಲ್ಲಿ. ಅಪ್ಪ ಗಾಡಿ ಚಕ್ರ ಮಾಡುವವನು. ಅಮ್ಮ ಮದುವೆಗೆ ಮುಂಚೆ ಅಲ್ಲಿನ ಶ್ರೀಮಂತರ ಅರಮನೆಯಲ್ಲಿ ಅಡುಗೆ ಕೆಲಸದಲ್ಲಿದ್ದವಳು. ಅಪ್ಪನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಆದರೂ ಕಿವಿಯಿಂದಲೇ ಹಾರ್ಪ್ ನುಡಿಸುತ್ತಿದ್ದ, ಮನೆಮಂದಿ ಜೊತೆಗೆ ಹಾಡುತ್ತಿದ್ದರು. ಹುಡುಗನ ಗಂಟಲು ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಆರು ವರ್ಷಕ್ಕೆಲ್ಲ ಪಕ್ಕದ ಹೈನ್‌ಬುರ್ಗ್ ಊರಿನ ಶಾಲಾ ಮೇಷ್ಟ್ರ ಮನೆಗೆ ಕಳಿಸಿದರು. ಆ ಮೇಷ್ಟ್ರು ಸಂಬಂಧಿಕರೇ. ಅಲ್ಲಿ ಊಟಕ್ಕಿಂತ ಪೆಟ್ಟು ಜಾಸ್ತಿ ಸಿಕ್ಕಿತು ಅಂತ ಹೈಡನ್ ಮುಪ್ಪಿನಲ್ಲಿ ನೆನೆಸಿಕೊಂಡಿದ್ದಾನೆ, ಆದರೆ ಅಷ್ಟೆಲ್ಲ ಕಲಿಸಿದ್ದಕ್ಕೆ ಆ ಮೇಷ್ಟ್ರಿಗೆ ಕೃತಜ್ಞತೆಯನ್ನೂ ಹೇಳಿದ್ದಾನೆ.

1740ರಲ್ಲಿ ವಿಯೆನ್ನಾದ ಸೇಂಟ್ ಸ್ಟೀಫನ್ ಚರ್ಚಿನ ಗಾಯಕ ಹುಡುಗರ ತಂಡ ಸೇರಿದ. ಅಲ್ಲಿ ಹಾಡಿದ್ದು ಬೇಕಾದಷ್ಟು, ಸಂಯೋಜನೆಯ ಪಾಠ ಮಾತ್ರ ಹೆಸರಿಗಷ್ಟೇ. ಹದಿಹರೆಯದಲ್ಲಿ ಗಂಟಲು ಒಡೆಯಿತು. ಗಂಟಲು ಹೋದ ಹುಡುಗನಿಂದ ಚರ್ಚಿಗೆ ಏನು ಉಪಯೋಗ? ಹೊರಗೆ ಹಾಕಿದರು. ಕೈಯಲ್ಲಿ ಕಾಸಿಲ್ಲದ ಹುಡುಗ ಮಿಖಾಯೆಲರ್‌ಹೌಸ್ ಎಂಬ ದೊಡ್ಡ ಕಟ್ಟಡದ ಅಟ್ಟದಲ್ಲಿ ಒಂದು ಕೋಣೆ ಹಿಡಿದ. ಪಾಠ ಹೇಳಿದ, ಬೀದಿಯಲ್ಲಿ ನುಡಿಸಿದ, ರಾತ್ರಿ ಕೂತು ಓದಿದ. ಅದೃಷ್ಟಕ್ಕೆ ಅದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಮೆಟಾಸ್ಟಾಸಿಯೋ ಇದ್ದ, ಆ ಕಾಲಕ್ಕೆ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ಸಾಹಿತ್ಯದಲ್ಲಿ ಅವನಿಗಿಂತ ದೊಡ್ಡ ಹೆಸರಿಲ್ಲ. ಅವನ ಮೂಲಕ ಇಟಲಿಯ ಹಿರಿಯ ಗಾಯನ ಗುರು ಪೋರ್ಪೋರಾನ ಪರಿಚಯವಾಯಿತು. ಹೈಡನ್ ಅವನ ಶಿಷ್ಯರಿಗೆ ಕೀಬೋರ್ಡ್ ನುಡಿಸಿದ, ಅವನ ಚಾಕರಿ ಮಾಡಿದ, ಬೈಗುಳ ತಿಂದ, ಸಂಯೋಜನೆಯ ನಿಜವಾದ ತಳಪಾಯ ಕಲಿತ. ಜೊತೆಗೆ ಯೋಹಾನ್ ಸೆಬಾಸ್ಟಿಯನ್ ಬಾಕ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬಾಕ್‌ನ ಸೊನಾಟಾ ಎಂಬ ಕೀಬೋರ್ಡ್ ಕೃತಿಗಳನ್ನು ಸಂಪಾದಿಸಿಕೊಂಡು ಅಟ್ಟದ ಕೋಣೆಯಲ್ಲಿ ಮತ್ತೆ ಮತ್ತೆ ನುಡಿಸಿದ. ಇದ್ದಕ್ಕಿದ್ದಂತೆ ನಿಲ್ಲುವುದು, ದಿಢೀರನೆ ಭಾವ ಬದಲಿಸುವುದು, ಈ ಗುಣಗಳ ಬೇರು ಅಲ್ಲಿದೆ.

ಆಗ ಸಿಂಫನಿ ಅಂದರೆ ಇವತ್ತು ನಾವು ಅಂದುಕೊಳ್ಳುವಷ್ಟು ದೊಡ್ಡ ವಿಷಯ ಆಗಿರಲಿಲ್ಲ. ಒಪೆರಾ ಶುರುವಾಗುವ ಮುಂಚೆ ಜನರನ್ನು ಸುಮ್ಮನಾಗಿಸಲು ಒಂದು ವಾದ್ಯ ಸಂಗೀತ ನುಡಿಸುತ್ತಿದ್ದರಲ್ಲ, ಅದರಿಂದ ಬೆಳೆದದ್ದು. ಮೂರು ಚಿಕ್ಕ ಭಾಗ, ಹತ್ತು ನಿಮಿಷ, ಮುಗೀತು. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ಪ್ರಕಾರವಂತೂ ಇನ್ನೂ ಕಣ್ಣು ಬಿಡುತ್ತಿತ್ತು. ಹೈಡನ್ ಮೊದಲ ಕ್ವಾರ್ಟೆಟ್‌ಗಳನ್ನು ಬರೆದದ್ದು 1750ರ ದಶಕದ ಕೊನೆಗೆ, ಫ್ಯೂರ್ನ್‌ಬೆರ್ಗ್ ಎಂಬ ಶ್ರೀಮಂತನ ಹಳ್ಳಿ ಮನೆಯಲ್ಲಿ ಆ ಹೊತ್ತಿಗೆ ಸಿಕ್ಕಿದ ನಾಲ್ಕು ಜನ ನುಡಿಸಲಿ ಅಂತ.

1761ರಲ್ಲಿ ಬದುಕು ತಿರುಗಿತು. ಹಂಗೇರಿಯ ಅತಿ ಶ್ರೀಮಂತ ಮನೆತನ ಎಸ್ಟರ್‌ಹಾಜಿ ದೊರೆಗಳ ಆಸ್ಥಾನದಲ್ಲಿ ಸಂಗೀತದ ಉಪಮುಖ್ಯಸ್ಥನ ಕೆಲಸ ಸಿಕ್ಕಿತು. ಆ ಕರಾರುಪತ್ರ ಇವತ್ತಿಗೂ ಉಳಿದಿದೆ, ಓದಿದರೆ ಬೇಜಾರೂ ಆಗುತ್ತದೆ, ಆಶ್ಚರ್ಯವೂ ಆಗುತ್ತದೆ. ಸಮವಸ್ತ್ರ ತೊಡಬೇಕು. ಬಿಳಿ ಕಾಲುಚೀಲ, ಬಿಳಿ ಅಂಗಿ, ಪೌಡರ್ ಹಾಕಿದ ಕೂದಲು. ದಿನಾ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೆ ಒಂದು ಸಲ ದೊರೆಯ ಕೋಣೆಯ ಹೊರಗೆ ಕಾದು ನಿಂತು, ಇವತ್ತು ಸಂಗೀತ ಬೇಕಾ ಅಂತ ಕೇಳಬೇಕು. ದೊರೆ ಹೇಳಿದ್ದನ್ನು ಬರೆಯಬೇಕು, ಬರೆದದ್ದನ್ನು ಬೇರೆ ಯಾರಿಗೂ ಕೊಡುವಂತಿಲ್ಲ. ವಾದ್ಯಗಾರರ ನಡತೆ, ವಾದ್ಯಗಳ ರಿಪೇರಿ, ಜಗಳ ಬಿಡಿಸುವುದು ಎಲ್ಲ ಇವನ ತಲೆಗೇ. ಸಂಬಳ ವರ್ಷಕ್ಕೆ 400 ಫ್ಲೋರಿನ್. 1766ರಲ್ಲಿ ಹಿರಿಯ ಮುಖ್ಯಸ್ಥ ತೀರಿಕೊಂಡ ಮೇಲೆ ಪೂರ್ತಿ ಜವಾಬ್ದಾರಿ ಇವನದ್ದಾಯಿತು.

ಆ ವೇಳೆಗೆ ದೊರೆಯಾಗಿದ್ದವನು ನಿಕೊಲಾಸ್. ಅವನಿಗೆ ಸಂಗೀತದ ಹುಚ್ಚು. ಸ್ವತಃ ಬ್ಯಾರಿಟೋನ್ ಎಂಬ ವಾದ್ಯ ನುಡಿಸುತ್ತಿದ್ದ. ಚೆಲ್ಲೋ ಥರ ಕಮಾನಿನಿಂದ ನುಡಿಸುವ ವಾದ್ಯ ಅದು, ಹಿಂದುಗಡೆ ಇನ್ನೊಂದು ಸಾಲು ತಂತಿಗಳಿದ್ದು ಹೆಬ್ಬೆರಳಿನಿಂದ ಮೀಟಬಹುದು. ಈಗ ಅದನ್ನು ನುಡಿಸುವವರೇ ಅಪರೂಪ. ದೊರೆಗೆ ಬೇಕು ಅಂದ ಮೇಲೆ ಮುಗಿಯಿತು, ಹೈಡನ್ ಈ ಒಂದು ವಾದ್ಯಕ್ಕೆ 120ಕ್ಕೂ ಹೆಚ್ಚು ತ್ರಿವಾದ್ಯ ಕೃತಿಗಳನ್ನು ಬರೆದ. ಇದೇ ನಿಕೊಲಾಸ್ ಹಂಗೇರಿಯ ಜೌಗು ನೆಲದಲ್ಲಿ ಎಸ್ಟರ್‌ಹಾಜಾ ಎಂಬ ಭಾರಿ ಅರಮನೆ ಕಟ್ಟಿಸಿದ. ಅಲ್ಲೊಂದು ಒಪೆರಾ ಮಂದಿರ, ಒಂದು ಸೂತ್ರದ ಗೊಂಬೆಯ ರಂಗಮಂದಿರ. 1780ರ ದಶಕದಲ್ಲಿ ಅಲ್ಲಿ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಒಪೆರಾ ಪ್ರದರ್ಶನ ನಡೆದದ್ದೂ ಉಂಟು. ಅಷ್ಟಕ್ಕೂ ತಾಲೀಮು ಮಾಡಿಸುವವನು ಹೈಡನ್ನೇ.

ಮೂವತ್ತು ವರ್ಷ ಹೀಗೆ ಕಳೆಯಿತು. ಊರಾಚೆ, ವಿಯೆನ್ನಾದಿಂದ ದೂರ. ಇದು ಶಿಕ್ಷೆಯೋ ವರವೋ? ಹೈಡನ್ ತಾನೇ ತನ್ನ ಜೀವನಚರಿತ್ರೆಕಾರ ಗ್ರೀಸಿಂಗರ್‌ಗೆ ಇದರ ಬಗ್ಗೆ ಹೇಳಿದ್ದಾನೆ. ಆರ್ಕೆಸ್ಟ್ರಾದ ಮುಖ್ಯಸ್ಥನಾಗಿದ್ದರಿಂದ ಪ್ರಯೋಗ ಮಾಡಬಹುದಿತ್ತು, ಯಾವುದು ಪರಿಣಾಮ ಕೊಡುತ್ತೆ, ಯಾವುದು ಕೆಡಿಸುತ್ತೆ ಅಂತ ನೋಡಿ ಸೇರಿಸಬಹುದಿತ್ತು, ಕತ್ತರಿಸಬಹುದಿತ್ತು. ಲೋಕದಿಂದ ದೂರ ಇದ್ದೆ, ಕಾಡುವವರು ಹತ್ತಿರ ಯಾರೂ ಇರಲಿಲ್ಲ, ಹಾಗಾಗಿ ಸ್ವಂತಿಕೆ ಬಾರದೆ ಗತ್ಯಂತರವೇ ಇರಲಿಲ್ಲ ಅಂತ. ಈ ಮಾತನ್ನು ನಾನು ಅಕ್ಷರಶಃ ನಂಬುತ್ತೇನೆ. ಬೆಳಿಗ್ಗೆ ಬರೆದದ್ದನ್ನು ತನ್ನ ಕೈಕೆಳಗಿನವರಿಂದಲೇ ನುಡಿಸಿ ಕೇಳುವ ಅವಕಾಶ ಯಾವ ಸಂಯೋಜಕನಿಗೆ ಸಿಗುತ್ತದೆ? ಆರಂಭದಲ್ಲಿ ಅವನ ಬಳಿ ಇದ್ದದ್ದು ಹದಿನೈದರ ಆಸುಪಾಸು ಜನ, ಆಮೇಲೆ ಇಪ್ಪತ್ತರ ಮೇಲೆ. ಸಣ್ಣ ತಂಡ, ಒಬ್ಬೊಬ್ಬರ ಕೈಚಳಕವೂ ಅವನಿಗೆ ಗೊತ್ತು. ಆ ವಾದ್ಯಗಾರರು ಅವನನ್ನು 'ಪಾಪಾ' ಅಂತ ಕರೆದದ್ದು ಸುಮ್ನೆ ಅಲ್ಲ, ಅವರ ಪರವಾಗಿ ದೊರೆಯ ಹತ್ತಿರ ಮಾತಾಡುತ್ತಿದ್ದವನು ಅವನೇ.

ಅದಕ್ಕೆ ದೊಡ್ಡ ಸಾಕ್ಷಿ 1772ರ 45ನೇ ಸಿಂಫನಿ, ಜನ 'ಬೀಳ್ಕೊಡುಗೆ' ಅಂತ ಕರೆಯುವುದು. ಆ ವರ್ಷ ನಿಕೊಲಾಸ್ ಬೇಸಿಗೆ ಮುಗಿದರೂ ಎಸ್ಟರ್‌ಹಾಜಾ ಬಿಟ್ಟು ಹೊರಡುವ ಸೂಚನೆ ಇಲ್ಲ. ವಾದ್ಯಗಾರರ ಹೆಂಡತಿ ಮಕ್ಕಳೆಲ್ಲ ದೂರದ ಐಸೆನ್‌ಷ್ಟಾಟ್ ಊರಿನಲ್ಲಿ. ಅವರು ಹೈಡನ್ ಹತ್ತಿರ ಬಂದು ಗೋಳು ತೋಡಿಕೊಂಡರು. ಅರ್ಜಿ ಬರೆಯುವ ಬದಲು ಅವನು ಸಿಂಫನಿ ಬರೆದ. ಕೊನೆಯ ಭಾಗ ವೇಗವಾಗಿ, ಕೋಪದಿಂದ ಅನ್ನುವ ಹಾಗೆ ಓಡುತ್ತದೆ, ಇನ್ನೇನು ಮುಗಿಯಬೇಕು ಅನ್ನುವಾಗ ನಿಲ್ಲುತ್ತದೆ. ಆಮೇಲೆ ಯಾರೂ ಎದುರು ನೋಡದ ಒಂದು ನಿಧಾನದ ಸಂಗೀತ ಶುರು. ಅದರ ನಡುವೆ ಒಬ್ಬೊಬ್ಬರೇ ತಮ್ಮ ಪಾಲು ನುಡಿಸಿ, ಮೇಣದಬತ್ತಿ ಆರಿಸಿ, ಎದ್ದು ಹೋಗುತ್ತಾರೆ. ಓಬೋ ಹೋಯಿತು, ಹಾರ್ನ್ ಹೋಯಿತು, ದೊಡ್ಡ ಬಾಸ್ ಹೋಯಿತು. ಕೊನೆಗೆ ಎರಡೇ ಪಿಟೀಲು. ದೊರೆಗೆ ಅರ್ಥವಾಯಿತು, ಮರುದಿನವೇ ಎಲ್ಲರೂ ಊರಿಗೆ ಹೊರಟರು ಎನ್ನುತ್ತದೆ ಕಥೆ. ಕಥೆ ಚೆಂದ, ಆದರೆ ಕಥೆ ಗೊತ್ತಿಲ್ಲದಿದ್ದರೂ ಈ ಕೃತಿ ನಿಲ್ಲುತ್ತದೆ. ಅದರ ಮೊದಲ ಭಾಗದ ಕುದಿತ ಕೇಳಿ. ಅದನ್ನು ಬರೆದಿರುವುದು ಎಫ್ ಶಾರ್ಪ್ ಮೈನರ್ ಎಂಬ ಶ್ರುತಿಯಲ್ಲಿ, ಆ ಕಾಲದಲ್ಲಿ ಸಿಂಫನಿಗೆ ಯಾರೂ ಮುಟ್ಟದ ಶ್ರುತಿ. ಇದಕ್ಕಾಗಿ ಹಾರ್ನ್ ವಾದ್ಯಕ್ಕೆ ವಿಶೇಷ ಕೊಳವೆ ತುಂಡುಗಳನ್ನೇ ಮಾಡಿಸಬೇಕಾಯಿತು.

ಈಗ ಸ್ವಲ್ಪ ಶೈಲಿಯ ಒಳಗೆ ಹೋಗೋಣ. ಕರ್ನಾಟಕ ಸಂಗೀತ ಕೇಳಿ ಗೊತ್ತಿದ್ದರೆ ಇದು ಸುಲಭ. ನಮ್ಮಲ್ಲಿ ತಂಬೂರಿ ಹಿಡಿದ ಷಡ್ಜ ಕಛೇರಿ ಮುಗಿಯುವವರೆಗೂ ಅಲ್ಲೇ ಇರುತ್ತದೆ, ರಾಗ ಅದರ ಸುತ್ತ ಬೆಳೆಯುತ್ತದೆ. ಹೈಡನ್ ಕಾಲದ ಪಾಶ್ಚಾತ್ಯ ಸಂಗೀತದಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ಒಂದು ಷಡ್ಜದಲ್ಲಿ ಕೃತಿ ಶುರುವಾಗುತ್ತದೆ. ಒಂದೆರಡು ನಿಮಿಷದಲ್ಲಿ ಅದು ಜಾರಿ, ಪಂಚಮವಾಗಿದ್ದ ಸ್ವರವೇ ಹೊಸ ಷಡ್ಜ ಅನ್ನಿಸಿಬಿಡುತ್ತದೆ. ಇದು ಮೊದಲ ಹಂತ. ಎರಡನೇ ಹಂತದಲ್ಲಿ ಕೇಳಿದ ಟ್ಯೂನ್‌ಗಳನ್ನು ಒಡೆದು, ತುಂಡು ಮಾಡಿ, ಬೇರೆ ಬೇರೆ ಷಡ್ಜಗಳ ಮೇಲೆ ಎಳೆದಾಡುತ್ತಾರೆ, ಕಿವಿಗೆ ನೆಲೆಯೇ ಸಿಗುವುದಿಲ್ಲ. ಮೂರನೇ ಹಂತದಲ್ಲಿ ಮೂಲ ಷಡ್ಜ ವಾಪಸ್. ಮೊದಲು ಹೊಸ ಷಡ್ಜದಲ್ಲಿ ಕೇಳಿದ್ದೆಲ್ಲ ಈಗ ಮೂಲದಲ್ಲೇ ಕೇಳಿಸುತ್ತದೆ. ಇದಕ್ಕೆ ಸೊನಾಟಾ ರೂಪ ಅನ್ನುತ್ತಾರೆ. ಹೆಸರು ನೆನಪಿಡಬೇಕಿಲ್ಲ. ಹೊರಡುವುದು, ಕಳೆದುಹೋಗುವುದು, ಮರಳುವುದು, ಈ ಮೂರು ಕಿವಿಗೆ ಗೊತ್ತಾದರೆ ಸಾಕು.

ಇದನ್ನು ಹೈಡನ್ ಒಬ್ಬನೇ ಕಂಡುಹಿಡಿದ ಅನ್ನುವುದು ತಪ್ಪು. ಆದರೆ ಅದರ ಶಕ್ತಿ ಎಷ್ಟು ಅಂತ ತೋರಿಸಿದವನು ಅವನು. ಬೇರೆಯವರು ಹೊಸ ಷಡ್ಜಕ್ಕೆ ಬಂದ ಕೂಡಲೇ ಇನ್ನೊಂದು ಮಧುರವಾದ ಟ್ಯೂನ್ ಕೊಡುತ್ತಿದ್ದರು, ಮೊಜಾರ್ಟ್ ಅಂತೂ ಧಾರಾಳವಾಗಿ ಎರಡು ಮೂರು ಕೊಡುತ್ತಾನೆ. ಹೈಡನ್ ಎಷ್ಟೋ ಸಲ ಅದೇ ಹಳೇ ಟ್ಯೂನನ್ನೇ ಮತ್ತೆ ತರುತ್ತಾನೆ. ಅವನ ಕೊನೆಯ ಸಿಂಫನಿ, 104ನೆಯದರ ಮೊದಲ ಭಾಗ ಕೇಳಿ. ಶ್ರುತಿ ಬದಲಾದ ಮೇಲೂ ಬರುವುದು ಅದೇ ಟ್ಯೂನ್. ನಡುವಿನ ಹಂತದಲ್ಲಿ ಆ ಟ್ಯೂನಿನೊಳಗಿನ ಒಂದು ಸಣ್ಣ ತುಣುಕು, ಒಂದೇ ಸ್ವರವನ್ನು ತಟ್ಟಿ ಕೆಳಗಿಳಿಯುವ ಪುಟ್ಟ ತುಣುಕು, ಅದನ್ನೇ ಹಿಡಿದು ಇಡೀ ಬಿರುಗಾಳಿ ಎಬ್ಬಿಸುತ್ತಾನೆ. ಮೊದಲ ಸಲ ಕೇಳಿದಾಗ ಆ ತುಣುಕಿನಲ್ಲಿ ಇಷ್ಟೆಲ್ಲ ಇದೆ ಅಂತ ಯಾರಿಗೆ ಅನ್ನಿಸೀತು? ಸಣ್ಣದರಿಂದ ದೊಡ್ಡದನ್ನು ಕಟ್ಟುವ ಈ ವಿದ್ಯೆಯೇ ಮುಂದೆ ಬೀಥೋವನ್ ಕೈಗೆ ಬಂದದ್ದು. 1792ರಿಂದ ಸುಮಾರು ಒಂದು ವರ್ಷ ಬೀಥೋವನ್ ವಿಯೆನ್ನಾದಲ್ಲಿ ಇವನ ಹತ್ತಿರ ಪಾಠಕ್ಕೆ ಬಂದಿದ್ದ. ಇಬ್ಬರಿಗೂ ಅಷ್ಟು ಹೊಂದಿಕೆ ಆಗಲಿಲ್ಲ, ಆದರೂ ಪಾಠಕ್ಕಿಂತ ಜಾಸ್ತಿ ಆ ಕೃತಿಗಳಿಂದಲೇ ಕಲಿತ ಅನ್ನುವುದು ಕೇಳಿದರೆ ಗೊತ್ತಾಗುತ್ತದೆ.

ಅವನ ನಿಜವಾದ ಮನಸ್ಸು ಕಾಣುವುದು ಕ್ವಾರ್ಟೆಟ್‌ಗಳಲ್ಲಿ ಅಂತ ನನ್ನ ಅನಿಸಿಕೆ. ಒಟ್ಟು 68 ಇವೆ. ಮೊದಮೊದಲ ಕ್ವಾರ್ಟೆಟ್‌ಗಳಲ್ಲಿ ಮೊದಲ ಪಿಟೀಲಿನದ್ದೇ ಕಾರುಬಾರು, ಉಳಿದವರು ಪಕ್ಕವಾದ್ಯ. 1772ರ ಆರು ಕ್ವಾರ್ಟೆಟ್‌ಗಳಲ್ಲಿ, ಅಂದರೆ ಕೃತಿಸಂಖ್ಯೆ 20ರಲ್ಲಿ, ಅದು ಬದಲಾಯಿತು. ಎರಡನೆಯ ಕ್ವಾರ್ಟೆಟ್ ಶುರುವಾಗುವುದೇ ಚೆಲ್ಲೋದ ಹಾಡಿನಿಂದ, ಮೊದಲ ಪಿಟೀಲು ಬಾಯಿ ಮುಚ್ಚಿ ಕಾಯುತ್ತದೆ. ನಾಲ್ಕು ಜನ ವಿವೇಕವಂತರು ತಮ್ಮತಮ್ಮಲ್ಲೇ ಮಾತಾಡುವುದನ್ನು ಕೇಳಿದಂತೆ ಅಂತ ಕ್ವಾರ್ಟೆಟ್ ಬಗ್ಗೆ ಕವಿ ಗಯಟೆ ಮುಂದೆ ಹೇಳಿದ. ಆ ಮಾತುಕತೆ ಶುರುವಾದದ್ದು ಇಲ್ಲಿ.

ಒಂಬತ್ತು ವರ್ಷದ ಮೇಲೆ, 1781ರಲ್ಲಿ, ಕೃತಿಸಂಖ್ಯೆ 33 ಬಂತು. ಇದನ್ನು ಹೊಸ, ವಿಶೇಷ ರೀತಿಯಲ್ಲಿ ಬರೆದಿದ್ದೇನೆ ಅಂತ ಹೈಡನ್ನೇ ಕೊಳ್ಳುವವರಿಗೆ ಪತ್ರ ಬರೆದ. ಇದರ ಎರಡನೇ ಕ್ವಾರ್ಟೆಟ್‌ನ ಕೊನೆ ಕೇಳಲೇಬೇಕು. ಒಂದು ಸರಳ, ಕುಣಿಯುವ ಟ್ಯೂನ್. ಹಲವು ಸಲ ಬಂದು ಹೋಗುತ್ತದೆ, ಕೇಳುಗನಿಗೆ ಬಾಯಿಪಾಠ ಆಗಿರುತ್ತದೆ. ಮುಗಿಯುವ ಹೊತ್ತಿಗೆ ಒಂದು ಚಿಕ್ಕ ಗಂಭೀರ ಸಂಗೀತ. ಆಮೇಲೆ ಟ್ಯೂನಿನ ಮೊದಲ ಸಾಲು ಮಾತ್ರ, ನಂತರ ನಿಶ್ಶಬ್ದ. ಎರಡನೇ ಸಾಲು, ನಿಶ್ಶಬ್ದ. ಮೂರು, ನಾಲ್ಕು. ಮುಗೀತು ಅಂತ ಚಪ್ಪಾಳೆಗೆ ಕೈ ಎತ್ತುತ್ತೀರಿ. ಆಗ ಇನ್ನೂ ಉದ್ದದ ಒಂದು ಬಿಡುವಿನ ನಂತರ ಮೊದಲ ಸಾಲು ಮತ್ತೆ, ಮೆತ್ತಗೆ. ಅಷ್ಟೇ. ಅಲ್ಲಿಗೆ ನಿಜವಾಗಿ ಮುಗಿಯುತ್ತದೆ, ಶುರುವಾಗುವ ಸಾಲಿನಲ್ಲಿ! ಇದು ಬರೀ ಚೇಷ್ಟೆಯಲ್ಲ. ಒಂದು ಸಾಲು ಆರಂಭ ಅನ್ನಿಸುವುದು ಯಾಕೆ, ಅಂತ್ಯ ಅನ್ನಿಸುವುದು ಯಾಕೆ ಎಂಬ ಗಂಭೀರ ಪ್ರಶ್ನೆ ಇಲ್ಲಿದೆ, ಅದನ್ನು ಅವನು ನಗಿಸುತ್ತಾ ಕೇಳುತ್ತಾನೆ. ಮೊಬೈಲಿನಲ್ಲಿ ಕೇಳುವಾಗ ದಯವಿಟ್ಟು ಪರದೆ ತಿರುಗಿಸಿ ಇಡಿ. ಇನ್ನೆಷ್ಟು ಸೆಕೆಂಡ್ ಉಳಿದಿದೆ ಅಂತ ಕಾಣುತ್ತಿದ್ದರೆ ಇಡೀ ಆಟ ಹಾಳು.

ಈ ಆರು ಕ್ವಾರ್ಟೆಟ್ ಕೇಳಿದ ಮೊಜಾರ್ಟ್ ತಾನೂ ಆರು ಬರೆದು 1785ರಲ್ಲಿ ಹೈಡನ್‌ಗೆ ಅರ್ಪಿಸಿದ. ಬೇಗ ಬರೆಯುವುದಕ್ಕೆ ಹೆಸರಾದ ಮೊಜಾರ್ಟ್ ಇವನ್ನು ಮಾತ್ರ ಬಹಳ ಶ್ರಮಪಟ್ಟು ಬರೆದೆ ಅಂತ ಅರ್ಪಣೆಯಲ್ಲಿ ಹೇಳಿಕೊಂಡಿದ್ದಾನೆ. ಅದೇ ವರ್ಷ ಫೆಬ್ರವರಿಯಲ್ಲಿ ಅವುಗಳಲ್ಲಿ ಕೆಲವನ್ನು ಕೇಳಿದ ಹೈಡನ್, ಮೊಜಾರ್ಟ್‌ನ ಅಪ್ಪನಿಗೆ ಹೇಳಿದ: ದೇವರ ಮುಂದೆ, ಪ್ರಾಮಾಣಿಕ ಮನುಷ್ಯನಾಗಿ ಹೇಳುತ್ತೇನೆ, ನನಗೆ ಗೊತ್ತಿರುವ ಸಂಯೋಜಕರಲ್ಲೇ ನಿಮ್ಮ ಮಗ ಎಲ್ಲರಿಗಿಂತ ದೊಡ್ಡವನು. ಆಗ ಹೈಡನ್‌ಗೆ 52 ವರ್ಷ, ಯೂರೋಪಿನ ತುಂಬ ಹೆಸರು. ತನಗಿಂತ 24 ವರ್ಷ ಚಿಕ್ಕವನ ಬಗ್ಗೆ ಹೀಗೆ ಬಾಯಿತುಂಬ ಹೇಳಲು ದೊಡ್ಡ ಮನಸ್ಸು ಬೇಕು.

ಹೆಸರು ಅಷ್ಟು ಹರಡಿದ್ದು ಹೇಗೆ, ಕೃತಿ ಹೊರಗೆ ಕೊಡುವಂತಿಲ್ಲ ಅಂತ ಕರಾರಿತ್ತಲ್ಲ? ಕೈಬರಹದ ಪ್ರತಿಗಳು ಹೇಗೋ ಹೊರಗೆ ಹೋಗುತ್ತಿದ್ದವು, ಪ್ಯಾರಿಸ್ಸಿನ ಪ್ರಕಾಶಕರು ಕೇಳದೇ ಅಚ್ಚು ಹಾಕುತ್ತಿದ್ದರು. ಹೈಡನ್ ಹೆಸರಿದ್ದರೆ ಮಾರಾಟ ಜಾಸ್ತಿ ಅಂತ ಬೇರೆಯವರ ಕೃತಿಗೂ ಅವನ ಹೆಸರು ಹಾಕಿದ್ದುಂಟು. ಎಷ್ಟೋ ಜನ ಹೈಡನ್‌ದು ಅಂತ ಇಷ್ಟಪಡುವ 'ಸೆರೆನೇಡ್' ಅವನದ್ದಲ್ಲ, ಹೋಫ್‌ಷ್ಟೆಟರ್ ಎಂಬ ಸನ್ಯಾಸಿಯದ್ದು ಎಂದು ಈಗ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. 1779ರಲ್ಲಿ ಹೊಸ ಕರಾರಾಯಿತು, ಪ್ರಕಟಿಸುವ ಹಕ್ಕು ಹೈಡನ್‌ಗೆ ಸಿಕ್ಕಿತು. ಅಲ್ಲಿಂದ ಅವನು ವ್ಯವಹಾರದಲ್ಲೂ ಚುರುಕಾದ. ಪ್ಯಾರಿಸ್ಸಿನ ಒಂದು ಸಂಗೀತ ಸಂಸ್ಥೆ ಆರು ಸಿಂಫನಿ ಬರೆಸಿಕೊಂಡಿತು, 82ರಿಂದ 87ರವರೆಗಿನವು.

1790ರ ಸೆಪ್ಟೆಂಬರಿನಲ್ಲಿ ನಿಕೊಲಾಸ್ ತೀರಿಕೊಂಡ. ಮಗನಿಗೆ ಸಂಗೀತ ಬೇಕಿರಲಿಲ್ಲ, ಆರ್ಕೆಸ್ಟ್ರಾ ವಿಸರ್ಜಿಸಿದ. ಹೈಡನ್‌ಗೆ ಪಿಂಚಣಿಯೂ ಬಂತು, ಬಿಡುಗಡೆಯೂ ಬಂತು. ಲಂಡನ್ನಿನಲ್ಲಿ ಕಛೇರಿ ನಡೆಸುತ್ತಿದ್ದ ಪಿಟೀಲುಗಾರ ಸಾಲೊಮನ್ ವಿಯೆನ್ನಾಕ್ಕೆ ಓಡಿ ಬಂದು, ನಾನು ಲಂಡನ್ನಿನ ಸಾಲೊಮನ್, ನಿಮ್ಮನ್ನು ಕರೆದೊಯ್ಯಲು ಬಂದಿದ್ದೇನೆ ಅಂದ. ಲೋಕ ತಿರುಗಿ ಗೊತ್ತಿಲ್ಲ, ಭಾಷೆಗಳೂ ಬರುವುದಿಲ್ಲ, ಹೇಗೆ ಹೋಗ್ತೀರಿ ಅಂತ ಮೊಜಾರ್ಟ್ ಆತಂಕಪಟ್ಟಾಗ, ನನ್ನ ಭಾಷೆ ಇಡೀ ಲೋಕಕ್ಕೆ ಅರ್ಥವಾಗುತ್ತೆ ಅಂತ ಹೈಡನ್ ಉತ್ತರ ಕೊಟ್ಟ. ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಮೊಜಾರ್ಟ್ ಹೋದ ಸುದ್ದಿ ಹೈಡನ್‌ಗೆ ಲಂಡನ್ನಿನಲ್ಲಿ ತಲುಪಿತು.

1791ರಿಂದ 1795ರ ನಡುವೆ ಎರಡು ಸಲ ಲಂಡನ್ನಿಗೆ ಹೋಗಿ ಬಂದ. ಎದುರಿಗೆ ದೊರೆಯಲ್ಲ, ಟಿಕೆಟ್ ಕೊಂಡು ಬಂದ ಜನ. ಆರ್ಕೆಸ್ಟ್ರಾ ಸುಮಾರು 40 ಜನರದ್ದು, 1795ರಲ್ಲಿ ಸುಮಾರು 60. ಆಕ್ಸ್‌ಫರ್ಡ್ ಡಾಕ್ಟರೇಟ್ ಕೊಟ್ಟಿತು. 93ರಿಂದ 104ರವರೆಗಿನ ಹನ್ನೆರಡು ಸಿಂಫನಿಗಳು ಈ ಪ್ರವಾಸಗಳ ಫಲ. ಇವುಗಳಲ್ಲಿ 94ನೆಯದು ಎಲ್ಲರಿಗೂ ಗೊತ್ತಿರುವ 'ಸರ್‌ಪ್ರೈಸ್'. ಎರಡನೇ ಭಾಗ ಮಕ್ಕಳ ಹಾಡಿನಂಥ ಟ್ಯೂನಿನಿಂದ ಮೆತ್ತಗೆ ಶುರು, ಎರಡನೇ ಸಲ ಇನ್ನೂ ಮೆತ್ತಗೆ, ಆಮೇಲೆ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಢಂ ಅನ್ನುತ್ತದೆ. ನಿದ್ದೆ ಮಾಡುವವರನ್ನು ಎಬ್ಬಿಸಲು ಹೀಗೆ ಮಾಡಿದ ಅನ್ನುವ ಕಥೆಯನ್ನು ಹೈಡನ್ನೇ ಒಪ್ಪಲಿಲ್ಲ. ಆ ಹೊತ್ತಿಗೆ ಅವನದೇ ಹಳೆಯ ಶಿಷ್ಯ ಪ್ಲೆಯೆಲ್ ಲಂಡನ್ನಿನಲ್ಲಿ ಎದುರು ತಂಡದ ಪರವಾಗಿ ಕಛೇರಿ ಕೊಡುತ್ತಿದ್ದ, ಜನಕ್ಕೆ ಹೊಸದೇನಾದರೂ ಕೊಡಬೇಕಿತ್ತು ಅಂದ. ಮೊದಲು ಬರೆದ ಪ್ರತಿಯಲ್ಲಿ ಆ ಢಂ ಇರಲೇ ಇಲ್ಲ, ಆಮೇಲೆ ಸೇರಿಸಿದ್ದು. ಆದರೆ ನಿಜವಾದ ಜಾಣತನ ಏನು ಗೊತ್ತಾ? ಆ ಸದ್ದು ಮತ್ತೆ ಬರುವುದಿಲ್ಲ. ಮುಂದಿನ ಐದು ನಿಮಿಷ ಈಗ ಬರುತ್ತೆ, ಈಗ ಬರುತ್ತೆ ಅಂತ ಕಾಯುತ್ತಾ ನಾವು ಪ್ರತಿ ಸ್ವರವನ್ನೂ ಕಿವಿಗೊಟ್ಟು ಕೇಳುತ್ತೇವೆ. ಅವನಿಗೆ ಬೇಕಾಗಿದ್ದದ್ದೂ ಅದೇ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನಲ್ಲಿ ಹಿಂದಿನ ತಲೆಮಾರಿನ ಸಂಯೋಜಕ ಹ್ಯಾಂಡೆಲ್‌ನ ಕೃತಿಗಳನ್ನು ದೊಡ್ಡ ಗಾಯಕ ತಂಡದಿಂದ ಕೇಳಿ ಅಲುಗಾಡಿಹೋದ ಹೈಡನ್, ವಿಯೆನ್ನಾಕ್ಕೆ ಬಂದು 'ಸೃಷ್ಟಿ' ಎಂಬ ದೊಡ್ಡ ಗಾಯನ ಕೃತಿ ಬರೆದ. ಮೊದಲ ಪ್ರದರ್ಶನ 1798ರಲ್ಲಿ. ಅದು ಶುರುವಾಗುವುದು ಸೃಷ್ಟಿಗೆ ಮುಂಚಿನ ಅವ್ಯವಸ್ಥೆಯಿಂದ. ನೆಲೆ ಸಿಗದೆ ಅಲೆದಾಡುವ ಸ್ವರಗಳು, ಇನ್ನೇನು ನಿಲ್ಲುತ್ತದೆ ಅನ್ನುವಾಗ ಜಾರುವ ಸ್ವರಗಳು. ಆಮೇಲೆ ಗಾಯಕರು ಪಿಸುಮಾತಿನಲ್ಲಿ 'ಬೆಳಕಾಗಲಿ ಎಂದನು ದೇವರು' ಅನ್ನುತ್ತಾರೆ. 'ಬೆಳಕಾಯಿತು' ಅನ್ನುವಾಗ ಎಲ್ಲ ವಾದ್ಯಗಳೂ ಎಲ್ಲ ಗಂಟಲುಗಳೂ ಒಟ್ಟಿಗೆ ಸಿ ಮೇಜರ್ ಎಂಬ ಶ್ರುತಿಯಲ್ಲಿ ಸಿಡಿಯುತ್ತವೆ. ಅದೇ ಹಳೆಯ ತಂತ್ರ, ಮೆತ್ತಗೆ ಕರೆದೊಯ್ದು ಒಮ್ಮೆಲೇ ಜೋರು. ಲಂಡನ್ನಿನಲ್ಲಿ ಅದರಿಂದ ನಗಿಸಿದ, ಇಲ್ಲಿ ಅದರಿಂದ ಮೈನವಿರೇಳಿಸಿದ. 66 ವರ್ಷದ ಮನುಷ್ಯನ ಕೆಲಸ ಇದು.

ಕೊನೆಯ ವರ್ಷಗಳಲ್ಲಿ ಮನಸ್ಸಿನ ತುಂಬ ಸಂಗೀತ, ಕೈಯಲ್ಲಿ ಬರೆಯುವ ಶಕ್ತಿ ಇಲ್ಲ. 1797ರಲ್ಲಿ ಚಕ್ರವರ್ತಿಗಾಗಿ ಕಟ್ಟಿದ್ದ ಒಂದು ಗೀತೆಯನ್ನು ಮಾತ್ರ ಪಿಯಾನೋ ಮೇಲೆ ನುಡಿಸಿಕೊಳ್ಳುತ್ತಿದ್ದ. ಅದರ ಧಾಟಿಯೇ ಇವತ್ತು ಜರ್ಮನಿಯ ರಾಷ್ಟ್ರಗೀತೆಯದ್ದು. 1809ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಸೈನ್ಯ ವಿಯೆನ್ನಾಕ್ಕೆ ಗುಂಡು ಹಾರಿಸಿದಾಗ ಒಂದು ಗುಂಡು ಅವನ ಮನೆ ಹತ್ತಿರವೇ ಬಿತ್ತು. ಹೆದರಬೇಡಿ ಮಕ್ಕಳೇ, ಹೈಡನ್ ಇರುವ ಕಡೆ ಏನೂ ಆಗದು ಅಂತ ಮನೆಯ ಆಳುಗಳಿಗೆ ಧೈರ್ಯ ಹೇಳಿದ. ಮೇ 31ರಂದು ತೀರಿಕೊಂಡ. ಆಮೇಲೆ ನಡೆದದ್ದು ಘೋರ. ಪ್ರತಿಭೆ ತಲೆಬುರುಡೆಯ ಆಕಾರದಲ್ಲಿ ಇರುತ್ತದೆ ಅಂತ ನಂಬಿದ್ದ ಇಬ್ಬರು ಸಮಾಧಿಯಿಂದ ತಲೆಯನ್ನೇ ಕದ್ದರು. ಅದು ದೇಹದ ಜೊತೆ ಮತ್ತೆ ಸೇರಿದ್ದು 1954ರಲ್ಲಿ, ಐಸೆನ್‌ಷ್ಟಾಟ್‌ನಲ್ಲಿ.

ನೂರಕ್ಕೂ ಹೆಚ್ಚು ಸಿಂಫನಿ ಅಂದಾಗ ಎಲ್ಲಿಂದ ಶುರು ಮಾಡುವುದು ಅಂತ ಗಾಬರಿ ಬೇಡ. 88ನೆಯದು ಹಾಕಿಕೊಳ್ಳಿ, ಇಪ್ಪತ್ತು ನಿಮಿಷ ಅಷ್ಟೇ. ಮೊದಲ ಭಾಗದಲ್ಲಿ ಟ್ರಂಪೆಟ್, ಡ್ರಮ್ ಇರುವುದಿಲ್ಲ. ಆ ಕಾಲದ ರೂಢಿಯಲ್ಲಿ ಇದ್ದರೆ ಅಲ್ಲೇ ಇರಬೇಕಿತ್ತು. ಅವು ಬರುವುದು ಯಾರೂ ನಿರೀಕ್ಷಿಸದ ಜಾಗದಲ್ಲಿ, ನಿಧಾನದ ಎರಡನೇ ಭಾಗದ ನಡುವೆ, ಓಬೋ ಮತ್ತು ಚೆಲ್ಲೋ ಒಟ್ಟಿಗೆ ಹಾಡುವ ಆ ಅದ್ಭುತ ಟ್ಯೂನ್ ಕೇಳಿ ಮೈಮರೆತಿರುವಾಗ. ಅದು ಹಿಡಿಸಿದರೆ 45, ಆಮೇಲೆ 104. ಕ್ವಾರ್ಟೆಟ್‌ಗೆ ಕೃತಿಸಂಖ್ಯೆ 76ರ ಆರನ್ನು ಇಡಿ, ಅವಸರವಿಲ್ಲದೆ, ಒಂದು ದಿನಕ್ಕೆ ಒಂದು.